ಕೊಳ್ಳುವವರು ಒಬ್ಬರು, ಆಡುವವರು ಇನ್ನೊಬ್ಬರು: ಕ್ರೈಸ್ತ ವಿಡಿಯೊ ಗೇಮ್‌ಗಳ ಇಕ್ಕಟ್ಟು

ಕ್ರೈಸ್ತ ಕುಟುಂಬಗಳ ಮಕ್ಕಳಿಗೆಂದೇ ಮೊಬೈಲ್ ಗೇಮ್‌ಗಳನ್ನು ತಯಾರಿಸುವ ಟ್ರೂಪ್ಲೇ ಎಂಬ ಅಮೆರಿಕದ ಕಂಪನಿಯು, ತನ್ನ ಜಾಹೀರಾತುಗಳನ್ನು ಗೂಗಲ್ ತಡೆಹಿಡಿಯುತ್ತಿದೆ ಎಂದು ದೂರಿದ್ದು ಈಚೆಗೆ ಸುದ್ದಿಯಾಯಿತು. ಧಾರ್ಮಿಕ ಸ್ವಾತಂತ್ರ್ಯದ ಮೊಕದ್ದಮೆಗಳನ್ನು ನಡೆಸುವ ಅಮೆರಿಕನ್ ಸೆಂಟರ್ ಫಾರ್ ಲಾ ಅಂಡ್ ಜಸ್ಟಿಸ್ ಸಂಸ್ಥೆ ಕಂಪನಿಯ ಬೆಂಬಲಕ್ಕೆ ನಿಂತಿತು. ಬಾಯಿಂದ ಬಾಯಿಗೆ ದಾಟುತ್ತ ಹೋದಂತೆ ಈ ಸುದ್ದಿ ‘ಬೈಬಲ್ ಗೇಮ್‌ಗಳಿಗೆ ನಿಷೇಧ’ ಎಂಬ ರೂಪ ತಾಳಿತು. ಆದರೆ ಅದೇ ಗೂಗಲ್‌ನ ಪ್ಲೇ ಸ್ಟೋರ್‌ನಲ್ಲಿ ಈ ಕಂಪನಿಯ ಆ್ಯಪ್ ಸಿಗುತ್ತದೆ; ಇತರ ಬೈಬಲ್ ಆ್ಯಪ್‌ಗಳೂ ರಾಶಿ ರಾಶಿಯಾಗಿ ಸಿಗುತ್ತವೆ. ತನ್ನ ಅಂಗಡಿಯಲ್ಲೇ ಮಾರಾಟಕ್ಕಿರುವ ಸರಕಿನ ಜಾಹೀರಾತನ್ನು ಅಂಗಡಿಯವನೇ ಬೇಡ ಎನ್ನುವುದು ಹೇಗೆ ಎಂದು ಓದುಗರು ಗೊಂದಲಕ್ಕೆ ಬಿದ್ದರೆ ಅದು ಸಹಜವೇ.

ಈ ಗೊಂದಲವನ್ನು ಬಿಡಿಸಲು ಜಾಹೀರಾತು ನಿಯಮವೊಂದನ್ನು ತಿಳಿದುಕೊಂಡರೆ ಸಾಲದು. ಕ್ರೈಸ್ತರಿಗಾಗಿ ವಿಡಿಯೊ ಗೇಮ್ ತಯಾರಿಸುವ ಉದ್ಯಮಕ್ಕೆ ಮೂರು ದಶಕಗಳಿಗೂ ಹೆಚ್ಚಿನ ಚರಿತ್ರೆಯಿದೆ. ಗೇಮ್ ಆಡುವ ಮಗುವಿಗೂ ಅದಕ್ಕೆ ಹಣ ಕೊಡುವ ಹಿರಿಯರಿಗೂ ನಡುವೆ ಇರುವ ಅಂತರ ಆ ಚರಿತ್ರೆಯ ಉದ್ದಕ್ಕೂ ಕಾಣಿಸುತ್ತದೆ. ಉದ್ಯಮ ಹುಟ್ಟಿದ್ದು ಈ ಅಂತರದಿಂದ, ಅದರ ಗುಣಮಟ್ಟ ಕುಸಿದದ್ದೂ ಇದರಿಂದಲೇ. ಗೂಗಲ್ ಜೊತೆಗಿನ ಇಂದಿನ ಜಗಳದ ಬೇರೂ ಅಲ್ಲಿಯೇ ಇದೆ ಎಂಬುದನ್ನು ಮುಂದೆ ವಿವರಿಸಲು ಪ್ರಯತ್ನಿಸಲಾಗಿದೆ.

ತಡೆದದ್ದು ಏನನ್ನು?

ಇಂಟರ್‌ನೆಟ್ ಜಾಹೀರಾತುಗಳಲ್ಲಿ ಎರಡು ಬಗೆ. ಪುಟದಲ್ಲಿ ಏನಿದೆ ಎಂಬುದನ್ನು ನೋಡಿ ತೋರಿಸುವ ಜಾಹೀರಾತು ಒಂದು. ನೋಡುತ್ತಿರುವವರು ಯಾರು, ಅವರ ಆಸಕ್ತಿಗಳೇನು ಎಂಬುದನ್ನು ಲೆಕ್ಕಹಾಕಿ ತೋರಿಸುವ ‘ವೈಯಕ್ತೀಕರಿಸಿದ’ ಜಾಹೀರಾತು ಇನ್ನೊಂದು. ಎರಡನೆಯ ಬಗೆಯಲ್ಲಿ ಆರೋಗ್ಯ, ಲೈಂಗಿಕ ಒಲವು, ಧಾರ್ಮಿಕ ನಂಬಿಕೆ ಮುಂತಾದ ಸೂಕ್ಷ್ಮ ಸಂಗತಿಗಳನ್ನು ಆಧರಿಸಿ ಜನರನ್ನು ಗುರಿ ಮಾಡಬಾರದು ಎಂಬುದು ಗೂಗಲ್‌ನ ನಿಯಮ. ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಕಂಪನಿಯೂ 2021ರ ನವೆಂಬರ್‌ನಲ್ಲಿ ಇಂಥದೇ ತೀರ್ಮಾನ ಪ್ರಕಟಿಸಿ, 2022ರ ಜನವರಿಯಿಂದ ಧರ್ಮ, ರಾಜಕೀಯ, ಆರೋಗ್ಯಕ್ಕೆ ಸಂಬಂಧಿಸಿದ ಗುರಿ ಆಯ್ಕೆಗಳನ್ನು ತೆಗೆದುಹಾಕಿತು.

ನಿಯಮದ ಹಿಂದಿನ ಕಾರಣ ಅರ್ಥವಾಗುವಂಥದ್ದೇ. ಯಾರು ಯಾವ ಧರ್ಮದವರು ಎಂಬ ಪಟ್ಟಿ ಜಾಹೀರಾತುದಾರರ ಕೈಗೆ ಸಿಕ್ಕರೆ ಬಾಡಿಗೆ ಮನೆಯಿಂದ ಹಿಡಿದು ಉದ್ಯೋಗದವರೆಗೆ ಒಂದು ಸಮುದಾಯವನ್ನು ಹೊರಗಿಡುವುದಕ್ಕೂ ಅದನ್ನು ಬಳಸಬಹುದು, ದ್ವೇಷ ಹರಡುವುದಕ್ಕೂ ಬಳಸಬಹುದು. ಆ ಅಪಾಯವನ್ನು ತಡೆಯಲೆಂದು ತಂದ ನಿಯಮ ಮಕ್ಕಳ ಗೇಮ್ ಮಾರುವವರಿಗೂ ಅನ್ವಯಿಸುತ್ತದೆ. ಜಾಹೀರಾತಿನ ಸಾಲಿನಲ್ಲಿ ಕ್ರೈಸ್ತ ಮಕ್ಕಳಿಗಾಗಿ ಎಂಬ ಮಾತಿದ್ದರೆ, ಅದನ್ನು ನೋಡುವವರ ನಂಬಿಕೆಯನ್ನು ಊಹಿಸಿ ಕಳಿಸಿದ ಜಾಹೀರಾತು ಎಂದು ತಪಾಸಣಾ ವ್ಯವಸ್ಥೆ ಪರಿಗಣಿಸುವ ಸಾಧ್ಯತೆ ಹೆಚ್ಚು. ಗೇಮ್‌ನಲ್ಲಿ ಬೈಬಲ್ ಕಥೆ ಇರುವುದಕ್ಕೆ ಈ ನಿಯಮದಲ್ಲಿ ಅಡ್ಡಿಯಿಲ್ಲ. ಆ ಕಥೆ ಬೇಕಾದವರನ್ನು ಅವರ ನಂಬಿಕೆಯ ಮೇಲೆಯೇ ಹುಡುಕಿ ತಲುಪುವುದಕ್ಕೆ ಅಡ್ಡಿಯಿದೆ.

ದೊಡ್ಡ ಕಂಪನಿಗಳಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಎಲ್ಲರೂ ಆಡಬಹುದಾದ ಒಗಟಿನ ಗೇಮ್ ಒಂದರ ಜಾಹೀರಾತನ್ನು ಯಾರಿಗೆ ತೋರಿಸಿದರೂ ಒಂದಷ್ಟು ಜನ ಡೌನ್‌ಲೋಡ್ ಮಾಡುತ್ತಾರೆ. ಬೈಬಲ್ ಗೇಮ್ ಬೇಕಾಗಿರುವುದು ಕೆಲವೇ ಮನೆಗಳಿಗೆ. ಆ ಮನೆಗಳನ್ನೇ ಆರಿಸಿ ತಲುಪಲಾಗದಿದ್ದರೆ, ಬೇಡದವರಿಗೆ ತೋರಿಸಿದ ಜಾಹೀರಾತಿನ ಖರ್ಚೂ ಕಂಪನಿಯ ತಲೆಯ ಮೇಲೆಯೇ ಬೀಳುತ್ತದೆ. ಮೊಬೈಲ್ ಗೇಮ್ ವ್ಯವಹಾರದಲ್ಲಿ ಒಬ್ಬ ಹೊಸ ಆಟಗಾರನನ್ನು ಕರೆತರುವ ಖರ್ಚು ಆತನಿಂದ ಬರುವ ಆದಾಯಕ್ಕಿಂತ ಕಡಿಮೆ ಇದ್ದರೆ ಮಾತ್ರ ಗೇಮ್ ಉಳಿಯುತ್ತದೆ. ಹೀಗಾಗಿ ಎಲ್ಲ ಧರ್ಮಗಳಿಗೂ ಸಮಾನವಾದ ನಿಯಮವೊಂದು ಧರ್ಮಕ್ಕೆ ಅಂಟಿಕೊಂಡ ಸಣ್ಣ ಉದ್ಯಮಗಳನ್ನೇ ಹೆಚ್ಚು ಬಾಧಿಸುತ್ತದೆ. ಟ್ರೂಪ್ಲೇ ಪರವಾಗಿ ಮಾತನಾಡುವವರು ಇದನ್ನು ತಾರತಮ್ಯ ಎನ್ನುತ್ತಾರೆ. ಪರಿಣಾಮವನ್ನು ಮಾತ್ರ ನೋಡಿದರೆ ಅವರ ದೂರಿನಲ್ಲಿ ಹುರುಳಿದೆ. ನಿಯಮ ಕ್ರೈಸ್ತರನ್ನೇ ಆರಿಸಿ ಹೊಡೆಯುತ್ತಿದೆ ಎಂಬ ವಾದ ಮಾತ್ರ ನಿಲ್ಲುವುದಿಲ್ಲ.

ಪುಸ್ತಕದಂಗಡಿಯಲ್ಲಿ ಹುಟ್ಟಿದ ಉದ್ಯಮ

ಮಾರುಕಟ್ಟೆಯ ಬಾಗಿಲು ಕಾಯುವ ದೊಡ್ಡ ಕಂಪನಿಯೊಂದು ಈ ಉದ್ಯಮದ ಹಣೆಬರಹ ಬರೆದದ್ದು ಇದೇ ಮೊದಲಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಮನೆಮನೆಯಲ್ಲೂ ಇದ್ದದ್ದು ಜಪಾನಿನ ನಿಂಟೆಂಡೊ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ. ತನ್ನ ಪರವಾನಗಿ ಇಲ್ಲದ ಕಾರ್ಟ್ರಿಜ್‌ಗಳು (ಗೇಮ್ ತುಂಬಿದ, ಯಂತ್ರಕ್ಕೆ ಸಿಕ್ಕಿಸುವ ಡಬ್ಬಿಗಳು) ಓಡದಂತೆ ನಿಂಟೆಂಡೊ ಅದರೊಳಗೆ ಒಂದು ಬೀಗದ ಚಿಪ್ ಇಟ್ಟಿತ್ತು. ಕ್ಯಾಲಿಫೋರ್ನಿಯಾದ ಕಲರ್ ಡ್ರೀಮ್ಸ್ ಎಂಬ ಸಣ್ಣ ಕಂಪನಿ ವಿದ್ಯುತ್ ಒತ್ತಡದ ಒಂದು ಜಾಣ ಉಪಾಯದಿಂದ ಆ ಚಿಪ್ಪನ್ನು ಕಂಗೆಡಿಸಿ, ಪರವಾನಗಿ ಇಲ್ಲದೆಯೇ ಗೇಮ್‌ಗಳನ್ನು ಮಾರತೊಡಗಿತು. ಅಂಥ ಕಾರ್ಟ್ರಿಜ್‌ಗಳನ್ನು ಇಟ್ಟುಕೊಳ್ಳದಂತೆ ನಿಂಟೆಂಡೊ ಆಟಿಕೆ ಅಂಗಡಿಗಳ ಮೇಲೆ ಒತ್ತಡ ತಂದಾಗ ಕಲರ್ ಡ್ರೀಮ್ಸ್‌ನ ಮಾರಾಟದ ದಾರಿ ಮುಚ್ಚುತ್ತ ಬಂತು.

ಆಗ ಕಂಪನಿಗೆ ಹೊಳೆದದ್ದು ಕ್ರೈಸ್ತ ಪುಸ್ತಕದಂಗಡಿಗಳ ದಾರಿ. ಅಮೆರಿಕದ ಊರೂರುಗಳಲ್ಲಿ ಬೈಬಲ್, ಭಕ್ತಿಗೀತೆಗಳ ಕ್ಯಾಸೆಟ್, ಸಂಡೇ ಸ್ಕೂಲಿನ ಸಾಮಗ್ರಿ ಮಾರುವ ಸಾವಿರಾರು ಅಂಗಡಿಗಳಿದ್ದವು. ಅವು ನಿಂಟೆಂಡೊದ ಯಾವ ಸರಕನ್ನೂ ಮಾರುತ್ತಿರಲಿಲ್ಲವಾದ್ದರಿಂದ ಅವುಗಳನ್ನು ಹೆದರಿಸಲು ನಿಂಟೆಂಡೊಗೆ ಯಾವ ಹಿಡಿತವೂ ಇರಲಿಲ್ಲ. ಹೀಗೆ ಹುಟ್ಟಿದ್ದು ವಿಸ್‌ಡಮ್ ಟ್ರೀ ಎಂಬ ಅಂಗಸಂಸ್ಥೆ, ಮತ್ತು 1991ರಲ್ಲಿ ಅದು ಹೊರತಂದ ‘ಬೈಬಲ್ ಅಡ್ವೆಂಚರ್ಸ್’. ನೋಹನ ನಾವೆ, ಹಸುಗೂಸು ಮೋಶೆ, ದಾವೀದ ಮತ್ತು ಗೊಲ್ಯಾತ ಎಂಬ ಮೂರು ಆಟಗಳು ಒಂದೇ ಕಾರ್ಟ್ರಿಜ್‌ನಲ್ಲಿದ್ದವು. ಕಂಪನಿಯಲ್ಲಿದ್ದವರ ಮಾತಿನ ಪ್ರಕಾರ ಅದು ಸುಮಾರು 3.5 ಲಕ್ಷ ಪ್ರತಿ ಮಾರಾಟವಾಯಿತು. ಪರವಾನಗಿಯಿಲ್ಲದ ಗೇಮ್‌ಗೆ ಇದು ಸಣ್ಣ ಸಂಖ್ಯೆಯಲ್ಲ.

ಇಲ್ಲಿ ಗಮನಿಸಬೇಕಾದದ್ದು ಕಾರಣಗಳ ಕ್ರಮ. ವಿಶ್ವಾಸವನ್ನು ಗೇಮ್‌ನ ಮೂಲಕ ಹೇಳಬೇಕೆಂಬ ತುಡಿತದಿಂದ ಒಂದು ಗುಂಪು ಕುಳಿತು ಈ ಪ್ರಕಾರವನ್ನು ಕಟ್ಟಲಿಲ್ಲ. ಮಾರುವ ದಾರಿ ಮೊದಲು ಕಂಡಿತು, ಆ ದಾರಿಗೆ ಒಪ್ಪುವ ಸರಕು ಆಮೇಲೆ ತಯಾರಾಯಿತು. ಅದೇ ಕಾಲಕ್ಕೆ ನಿಂಟೆಂಡೊದ ಅಮೆರಿಕ ಶಾಖೆ ತನ್ನ ಪರವಾನಗಿ ಪಡೆದ ಗೇಮ್‌ಗಳಿಂದ ಶಿಲುಬೆ ಮುಂತಾದ ಧಾರ್ಮಿಕ ಚಿಹ್ನೆಗಳನ್ನು ತೆಗೆಸುತ್ತಿತ್ತು. ಜಪಾನಿನಿಂದ ಬಂದ ಗೇಮ್‌ಗಳಲ್ಲಿ ಸಮಾಧಿಯ ಮೇಲಿನ ಶಿಲುಬೆಗಳನ್ನು ಅಳಿಸಲಾಗುತ್ತಿತ್ತು, ಚರ್ಚಿನ ಗುರುತುಗಳನ್ನು ಬದಲಿಸಲಾಗುತ್ತಿತ್ತು. ಇಂಥ ನೀತಿ ಇರುವಾಗ ಬೈಬಲ್ ಗೇಮ್ ಒಂದು ಅಧಿಕೃತ ಬಾಗಿಲಿನಿಂದ ಒಳಬರುವ ಸಾಧ್ಯತೆ ಬಹಳ ಕಡಿಮೆಯಿತ್ತು. ಹೊರಗಿನ ದಾರಿಯೊಂದೇ ಉಳಿದಿತ್ತು.

ಆಯ್ಕೆ ಮಾಡುವವರಿಗೆ ಆಟ ಗೊತ್ತಿಲ್ಲದಿದ್ದಾಗ

ಪುಸ್ತಕದಂಗಡಿಗೆ ಬಂದು ಈ ಕಾರ್ಟ್ರಿಜ್ ಕೊಳ್ಳುತ್ತಿದ್ದವರು ಬಹುಮಟ್ಟಿಗೆ ತಾಯಂದಿರು, ಅಜ್ಜಿಯರು, ಸಂಡೇ ಸ್ಕೂಲಿನ ಶಿಕ್ಷಕರು. ಅವರು ಡಬ್ಬಿಯ ಮೇಲಿನ ಚಿತ್ರ ನೋಡುತ್ತಿದ್ದರು, ಬೈಬಲ್ ವಚನಗಳಿವೆ ಎಂಬುದನ್ನು ಓದುತ್ತಿದ್ದರು, ರಕ್ತಪಾತವಿಲ್ಲ ಎಂದು ಖಾತ್ರಿ ಮಾಡಿಕೊಂಡು ಹಣ ಕೊಡುತ್ತಿದ್ದರು. ಗುಂಡಿ ಒತ್ತಿದಾಗ ಪಾತ್ರ ಸರಿಯಾಗಿ ಜಿಗಿಯುತ್ತದೆಯೇ, ಮೂರನೆಯ ಹಂತದಲ್ಲಿ ಮಗು ಬೇಸತ್ತು ಎದ್ದು ಹೋಗುತ್ತದೆಯೇ ಎಂಬುದು ಅವರ ಪರೀಕ್ಷೆಗೆ ಒಳಪಡುತ್ತಲೇ ಇರಲಿಲ್ಲ. ಆಡುವ ಮಗುವಿಗೆ ಆಯ್ಕೆಯ ಹಕ್ಕಿಲ್ಲ, ಆಯ್ಕೆ ಮಾಡುವವರಿಗೆ ಆಟದ ಅನುಭವವಿಲ್ಲ. ಇಂಥ ಮಾರುಕಟ್ಟೆಯಲ್ಲಿ ತಯಾರಕ ಯಾವುದರ ಮೇಲೆ ಶ್ರಮ ಹಾಕಬೇಕು ಎಂಬುದನ್ನು ಹಣವೇ ಹೇಳಿಕೊಡುತ್ತದೆ.

ಪರಿಣಾಮ ಗೇಮ್‌ಗಳ ಮೈಮೇಲೆಯೇ ಕಾಣುತ್ತಿತ್ತು. ‘ಬೈಬಲ್ ಅಡ್ವೆಂಚರ್ಸ್’ ತನ್ನ ಚಲನೆಯ ಕ್ರಮವನ್ನು ಆಗಿನ ಜನಪ್ರಿಯ ಮಾರಿಯೊ ಗೇಮ್ ಒಂದರಿಂದ ಎತ್ತಿಕೊಂಡಿತ್ತು: ವಸ್ತುವನ್ನು ಎತ್ತುವುದು, ತಲೆಯ ಮೇಲೆ ಹೊರುವುದು, ಎಸೆಯುವುದು. ನೋಹ ಪ್ರಾಣಿಗಳನ್ನು ಒಂದರ ಮೇಲೊಂದು ತಲೆಯ ಮೇಲೆ ಪೇರಿಸಿಕೊಂಡು ನಾವೆಗೆ ಓಡುತ್ತಾನೆ. ಅದೇ ಕ್ರಮವನ್ನು ಮೋಶೆಯ ಕಥೆಗೂ ಅಂಟಿಸಿದ್ದರಿಂದ, ಕಾಪಾಡಬೇಕಾದ ಹಸುಗೂಸನ್ನು ಆಟಗಾರ ಎತ್ತಿ ಎಸೆಯಬಹುದಾಗಿತ್ತು. ಈಜಿಪ್ಟಿನ ಅರಸ ಫರೋಹನ ಆಜ್ಞೆಯಿಂದ ಮಗುವನ್ನು ಉಳಿಸುವ ಕಥೆಯ ಒಡಲಿಗೆ ಇದಕ್ಕಿಂತ ವಿರುದ್ಧವಾದ ಕ್ರಿಯೆ ಇರಲಾರದು. ಕಥೆ ಬೇರೆ, ಕೈ ಮಾಡುವ ಕೆಲಸ ಬೇರೆ ಎಂಬ ಈ ಬಿರುಕು ಮುಂದಿನ ವರ್ಷಗಳುದ್ದಕ್ಕೂ ಕಾಣಿಸಿಕೊಳ್ಳುತ್ತದೆ.

1994ರ ‘ಸೂಪರ್ 3ಡಿ ನೋಹಾಸ್ ಆರ್ಕ್’ ಇದರ ಸ್ಪಷ್ಟ ನಿದರ್ಶನ. ಕಲರ್ ಡ್ರೀಮ್ಸ್ ಮೊದಲು ಭಯಾನಕ ಸಿನಿಮಾ ಒಂದನ್ನು ಆಧರಿಸಿದ ಗೇಮ್ ಮಾಡಲು ಯೋಚಿಸಿ, ಐಡಿ ಸಾಫ್ಟ್‌ವೇರ್‌ನ ‘ವುಲ್ಫೆನ್‌ಸ್ಟೈನ್ 3ಡಿ’ ಎಂಬ ಗುಂಡು ಹಾರಿಸುವ ಗೇಮ್‌ನ ತಾಂತ್ರಿಕ ಚೌಕಟ್ಟನ್ನು ಪರವಾನಗಿ ಮೇಲೆ ಪಡೆದಿತ್ತು. ಆ ಯೋಜನೆ ಬಿದ್ದುಹೋದ ಮೇಲೆ ಅದೇ ಚೌಕಟ್ಟಿನಲ್ಲಿ ನಾತ್ಸಿ ಸೈನಿಕರ ಜಾಗಕ್ಕೆ ಆಡುಗಳು ಬಂದವು, ಬಂದೂಕಿನ ಜಾಗಕ್ಕೆ ಕವಣೆ ಬಂತು. ನಾವೆಯೊಳಗೆ ರೇಗಿ ತಿರುಗುವ ಪ್ರಾಣಿಗಳಿಗೆ ನೋಹ ಕವಣೆಯಿಂದ ಆಹಾರ ಎಸೆದು ಮಲಗಿಸುತ್ತಾನೆ. ಈ ಕಾರ್ಟ್ರಿಜ್ ಓಡಬೇಕಾದರೆ ಅದರ ನೆತ್ತಿಯ ಮೇಲೆ ನಿಂಟೆಂಡೊದ ಅಧಿಕೃತ ಕಾರ್ಟ್ರಿಜ್ ಒಂದನ್ನು ಸಿಕ್ಕಿಸಬೇಕಿತ್ತು. ಬೀಗದ ಚಿಪ್ಪಿನ ಅನುಮತಿಯನ್ನು ಅದರಿಂದ ಎರವಲು ಪಡೆಯಲಾಗುತ್ತಿತ್ತು. 1995ರ ‘ಸಂಡೇ ಫನ್‌ಡೇ’ ಕೂಡ ಕಲರ್ ಡ್ರೀಮ್ಸ್‌ನ ಹಳೆಯ ಗೇಮ್ ಒಂದಕ್ಕೆ ಹೊಸ ಚಿತ್ರ ತೊಡಿಸಿದ್ದು.

ಇದನ್ನೆಲ್ಲ ತಯಾರಕರ ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಸಣ್ಣ ತಂಡಕ್ಕೆ ಹೊಸ ಚೌಕಟ್ಟನ್ನು ಬರೆಯುವಷ್ಟು ಬಂಡವಾಳ ಇರಲಿಲ್ಲ. ಕೊಳ್ಳುವವರು ಅದನ್ನು ಕೇಳುತ್ತಿರಲಿಲ್ಲ ಎಂಬುದೇ ಮುಖ್ಯ ಕಾರಣ.

ಹಿಂಸೆಯ ಪ್ರಶ್ನೆ

1999ರ ಏಪ್ರಿಲ್‌ನಲ್ಲಿ ಕೊಲೊರಾಡೊದ ಕೊಲಂಬೈನ್ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ನಂತರ ವಿಡಿಯೊ ಗೇಮ್‌ಗಳ ಹಿಂಸೆ ಅಮೆರಿಕದಲ್ಲಿ ದೊಡ್ಡ ಚರ್ಚೆಯಾಯಿತು. ಮಕ್ಕಳಿಗೆ ಬೇರೆ ಏನಾದರೂ ಕೊಡಬೇಕು ಎಂಬ ಕಳಕಳಿ ಕ್ರೈಸ್ತ ಹೂಡಿಕೆದಾರರಲ್ಲಿ ಬಲವಾಯಿತು. ಆರೆಗಾನ್ ರಾಜ್ಯದ ಎನ್‌ಲೈಟ್ನಿಂಗ್ ಸಾಫ್ಟ್‌ವೇರ್ 2000ದಲ್ಲಿ ಹೊರತಂದ ‘ಕ್ಯಾಟೆಕ್ಯುಮೆನ್’ ಈ ವಾತಾವರಣದಲ್ಲಿ ಹಣ ಪಡೆದ ಗೇಮ್. ರೋಮಿನ ನೆಲಮಾಳಿಗೆಗಳಲ್ಲಿ ನಡೆಯುವ ಈ ಕಥೆಯಲ್ಲಿ ಆಟಗಾರ ದೈವಿಕ ಕತ್ತಿಯಿಂದ ಬೆಳಕನ್ನು ಎಸೆದಾಗ, ದೆವ್ವ ಹಿಡಿದ ರೋಮನ್ ಸೈನಿಕ ಸಾಯುವುದಿಲ್ಲ, ಮಂಡಿಯೂರಿ ಪ್ರಾರ್ಥಿಸುತ್ತಾನೆ. ಗುರಿಯಿಟ್ಟು ಹೊಡೆಯುವ ಕ್ರಿಯೆ ಹಾಗೇ ಉಳಿಯಿತು, ಹೊಡೆತದ ಫಲವನ್ನು ಮಾತ್ರ ಬದಲಿಸಲಾಯಿತು. ತಂದೆತಾಯಿಗೆ ಇದು ಸಮಾಧಾನ ತಂದರೂ ಮನಪರಿವರ್ತನೆಯನ್ನು ಆಯುಧದ ಪರಿಣಾಮವಾಗಿ ತೋರಿಸುವುದು ಸುವಾರ್ತೆಯ ಆಶಯಕ್ಕೆ ಹತ್ತಿರವೇ ದೂರವೇ ಎಂಬ ಪ್ರಶ್ನೆಗೆ ಗೇಮ್‌ನೊಳಗೆ ಉತ್ತರವಿರಲಿಲ್ಲ.

2006ರಲ್ಲಿ ಈ ಪ್ರಶ್ನೆ ಬೀದಿಗೆ ಬಂತು. ಅಂತ್ಯಕಾಲದ ಕುರಿತ ಜನಪ್ರಿಯ ಕಾದಂಬರಿ ಮಾಲೆಯೊಂದನ್ನು ಆಧರಿಸಿದ ‘ಲೆಫ್ಟ್ ಬಿಹೈಂಡ್: ಇಟರ್ನಲ್ ಫೋರ್ಸಸ್’ ಗೇಮ್‌ನಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ವಿಶ್ವಾಸಿಗಳ ಪಡೆಯನ್ನು ಕಟ್ಟಿ ಕ್ರಿಸ್ತವಿರೋಧಿಯ ಪಡೆಯೊಂದಿಗೆ ಹೋರಾಡಬೇಕು. ಪ್ರತಿ ಪಾತ್ರಕ್ಕೂ ಆತ್ಮಬಲದ ಅಳತೆಯಿದ್ದು, ಕೊಂದಾಗ ಅದು ಇಳಿಯುತ್ತದೆ, ಪ್ರಾರ್ಥಿಸಿದಾಗ ಏರುತ್ತದೆ. ಕೊಲೆಗೆ ಬೆಲೆ ತೆರಬೇಕೆಂದು ಹೇಳುವುದೇ ಈ ವ್ಯವಸ್ಥೆಯ ಉದ್ದೇಶ ಎಂದು ತಯಾರಕರು ವಾದಿಸಿದರು. ಕೊಂದು ಪ್ರಾರ್ಥಿಸಿದರೆ ಲೆಕ್ಕ ಚುಕ್ತಾ ಎಂಬ ಪಾಠವನ್ನೇ ಇದು ಕಲಿಸುತ್ತದೆ ಎಂದು ವಿರೋಧಿಗಳು ಹೇಳಿದರು. ಇದನ್ನು ಮಾರಾಟದಿಂದ ಹಿಂತೆಗೆಯಬೇಕೆಂದು ವಾಲ್‌ಮಾರ್ಟ್ ಅನ್ನು ಒತ್ತಾಯಿಸಿದವರಲ್ಲಿ ಉದಾರವಾದಿ ಕ್ರೈಸ್ತ ಸಂಘಟನೆಯೂ ಇತ್ತು ಎಂಬುದು ಮುಖ್ಯ; ಅದು ವಿಶ್ವಾಸಿಗಳಿಗೂ ನಾಸ್ತಿಕರಿಗೂ ನಡುವಿನ ಜಗಳವಾಗಿರಲಿಲ್ಲ.

ಯೇಸುವಿನ ಪಾತ್ರವನ್ನು ಆಡಬಹುದೇ?

ಹಿಂಸೆಗಿಂತ ಆಳವಾದ ತೊಡಕು ಆಟದ ಸ್ವಭಾವದಲ್ಲೇ ಇದೆ. ಆಟದಲ್ಲಿ ಆಟಗಾರ ತಪ್ಪಬಹುದು, ಸೋಲಬಹುದು, ಮತ್ತೆ ಆರಂಭಿಸಬಹುದು. ಸರಿಯಾಗಿ ಮಾಡಿದರೆ ಅಂಕ ಸಿಗುತ್ತದೆ. ಪೋಲೆಂಡಿನ ಪ್ಲೇವೇ ಕಂಪನಿ ಪ್ರಕಟಿಸುವುದಾಗಿ 2019ರ ಡಿಸೆಂಬರ್‌ನಲ್ಲಿ ಘೋಷಣೆಯಾದ ‘ಐ ಆ್ಯಮ್ ಜೀಸಸ್ ಕ್ರೈಸ್ಟ್’ ಎಂಬ ಗೇಮ್ ಆಟಗಾರನನ್ನು ಯೇಸುವಿನ ಕಣ್ಣಿನಿಂದಲೇ ನೋಡುವಂತೆ ಮಾಡಿತು. ರೋಗಿಗಳನ್ನು ಗುಣಪಡಿಸುವುದು, ಕಡಲ ಬಿರುಗಾಳಿಯನ್ನು ಶಾಂತಗೊಳಿಸುವುದು, ಮರಳುಗಾಡಿನಲ್ಲಿ ಸೈತಾನನನ್ನು ಎದುರಿಸುವುದು ಅಲ್ಲಿನ ಸವಾಲುಗಳು. ಸುವಾರ್ತೆಯನ್ನು ಓದದ ಯುವಕರು ಹೀಗಾದರೂ ಅದರೊಳಗೆ ನಡೆದುನೋಡಲಿ ಎಂಬುದು ಇಂಥ ಪ್ರಯತ್ನಗಳನ್ನು ಮೆಚ್ಚುವವರ ನಿಲುವು. ಸಂತರ ಚಿತ್ರಪಟ, ಶಿಲುಬೆಯಾತ್ರೆಯ ನಾಟಕ, ಸಿನಿಮಾ ಎಲ್ಲವೂ ಒಂದು ಕಾಲಕ್ಕೆ ಆಕ್ಷೇಪ ಎದುರಿಸಿಯೇ ಬಂದವು ಎಂದು ಅವರು ನೆನಪಿಸುತ್ತಾರೆ.

ವಿರೋಧಿಸುವವರ ವಾದಕ್ಕೂ ತೂಕವಿದೆ. ನಾಟಕದಲ್ಲಿ ಯೇಸುವಿನ ಪಾತ್ರಧಾರಿ ಬರೆದಿಟ್ಟ ಮಾತನ್ನು ಹೇಳುತ್ತಾನೆ. ಗೇಮ್‌ನಲ್ಲಿ ಮುಂದಿನ ಹೆಜ್ಜೆ ಆಟಗಾರನ ಕೈಯಲ್ಲಿರುತ್ತದೆ. ಆಟಗಾರ ತಪ್ಪಿದರೆ ಕ್ರಿಸ್ತನೇ ತಪ್ಪಿದಂತೆ, ಆಟಗಾರ ರೋಗಿಯನ್ನು ದಾಟಿ ಹೋದರೆ ಕ್ರಿಸ್ತನೇ ದಾಟಿ ಹೋದಂತೆ ಕಾಣುತ್ತದೆ. ಅದನ್ನು ತಪ್ಪಿಸಲು ಆಯ್ಕೆಗಳನ್ನು ಕಿತ್ತುಕೊಂಡರೆ ಆಟವೇ ಉಳಿಯುವುದಿಲ್ಲ. ಪವಾಡವನ್ನು ಗುಂಡಿ ಒತ್ತಿ ಪಡೆಯುವ ಶಕ್ತಿಯಾಗಿ ತೋರಿಸಿದರೆ ಕೃಪೆ ಎಂಬ ಕಲ್ಪನೆಗೆ ಏಟು ಬೀಳುತ್ತದೆ: ಕೃಪೆಯನ್ನು ಗಳಿಸಲಾಗದು ಎಂಬುದು ಪ್ರಾಟೆಸ್ಟಂಟ್ ಬೋಧನೆಯ ತಿರುಳು, ಗಳಿಸುವುದೇ ಬಹುತೇಕ ಗೇಮ್‌ಗಳ ತಿರುಳು. ಈ ಎರಡನ್ನು ಹೊಂದಿಸಲು ಇನ್ನೂ ಯಾರಿಗೂ ಪೂರ್ತಿ ಸಾಧ್ಯವಾಗಿಲ್ಲ ಎಂದೇ ಹೇಳಬೇಕು.

ಈ ತೊಡಕಿನಿಂದ ನುಣುಚಿಕೊಳ್ಳುವ ಒಂದು ದಾರಿ ರಸಪ್ರಶ್ನೆ. 2018ರಲ್ಲಿ ಕ್ಯಾಥೊಲಿಕ್ ಸಂಸ್ಥೆಯೊಂದು, ಪನಾಮಾದಲ್ಲಿ ನಡೆಯಲಿದ್ದ ‘ವಿಶ್ವ ಯುವ ದಿನ’ ಎಂಬ ಕ್ಯಾಥೊಲಿಕ್ ಯುವಜನರ ಸಮಾವೇಶಕ್ಕೆ ಮುನ್ನ, ‘ಫಾಲೋ ಜೆಸಿ ಗೋ’ ಎಂಬ ಆ್ಯಪ್ ತಂದಿತು. ಪೋಕೆಮಾನ್ ಗೋ ಮಾದರಿಯಲ್ಲಿ ಬೀದಿಯಲ್ಲಿ ನಡೆಯುತ್ತ ಸಂತರನ್ನೂ ಬೈಬಲ್ ಪಾತ್ರಗಳನ್ನೂ ಭೇಟಿಯಾಗಿ ಪ್ರಶ್ನೆಗೆ ಉತ್ತರಿಸಿದರೆ ಅವರು ಆಟಗಾರನ ತಂಡ ಸೇರುತ್ತಾರೆ. ಇಂಥ ಗೇಮ್ ಯಾರನ್ನೂ ನೋಯಿಸುವುದಿಲ್ಲ, ಆದರೆ ಈಗಾಗಲೇ ಉತ್ತರ ಗೊತ್ತಿರುವ ಮಗುವನ್ನಷ್ಟೇ ತಲುಪುತ್ತದೆ.

ಹೆಸರಿನಲ್ಲಿ ಕ್ರೈಸ್ತವಲ್ಲದ ಗೇಮ್‌ಗಳು

ಕ್ರೈಸ್ತ ಹಿನ್ನೆಲೆಯವರು ಮಾಡಿದ ಗೇಮ್‌ಗಳಲ್ಲಿ ಅತ್ಯಂತ ಯಶಸ್ವಿಯಾದವು ‘ಕ್ರೈಸ್ತ ಗೇಮ್’ ಎಂಬ ಹಣೆಪಟ್ಟಿ ಹಚ್ಚಿಕೊಂಡವಲ್ಲ ಎಂಬ ಸಂಗತಿಯನ್ನು ಈ ಚರ್ಚೆಯಲ್ಲಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. 1993ರ ‘ಮಿಸ್ಟ್’ ಗೇಮ್ ಅನ್ನು ರೂಪಿಸಿದ ರ್‍ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರು ಧರ್ಮಬೋಧಕರ ಮಕ್ಕಳು. ಕೊಲ್ಲುವುದೂ ಸಾಯುವುದೂ ಇಲ್ಲದ, ನಿರ್ಜನ ದ್ವೀಪದಲ್ಲಿ ಪುಸ್ತಕಗಳ ರಹಸ್ಯ ಬಿಡಿಸುವ ಆ ಗೇಮ್ 2002ರವರೆಗೆ ಕಂಪ್ಯೂಟರ್ ಗೇಮ್‌ಗಳ ಮಾರಾಟದಲ್ಲಿ ಮೊದಲ ಸ್ಥಾನದಲ್ಲಿತ್ತು. ಅದನ್ನು ಆಡಿದವರು ಸ್ವತಃ ಇಷ್ಟಪಟ್ಟು ಕೊಂಡರು. ಇಲ್ಲಿ ಕೊಳ್ಳುವವರೂ ಆಡುವವರೂ ಒಬ್ಬರೇ.

ಸ್ಕಾಟ್ ಕಾಥನ್ ಅವರ ಕಥೆ ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅವರು ವರ್ಷಗಟ್ಟಲೆ ಕ್ರೈಸ್ತ ಮಕ್ಕಳಿಗಾಗಿ ಅನಿಮೇಷನ್, ಗೇಮ್‌ಗಳನ್ನು ಮಾಡಿದವರು. ಹಣ ಬರಲಿಲ್ಲ. ಅವರ ಮಕ್ಕಳ ಗೇಮ್ ಒಂದರ ಪಾತ್ರಗಳು ಯಂತ್ರದ ಗೊಂಬೆಗಳಂತೆ ಭಯ ಹುಟ್ಟಿಸುತ್ತವೆ ಎಂಬ ಟೀಕೆ ಬಂದಾಗ, ಆ ಟೀಕೆಯನ್ನೇ ಹಿಡಿದು 2014ರಲ್ಲಿ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಎಂಬ ಭಯಾನಕ ಗೇಮ್ ಮಾಡಿದರು. ಅದು ಜಗತ್ತಿನಾದ್ಯಂತ ಮಕ್ಕಳ ಬಾಯಲ್ಲಿ ಓಡಾಡಿತು, 2023ರಲ್ಲಿ ಸಿನಿಮಾ ಆಯಿತು. ಅದೇ ಕೈ, ಅದೇ ಕೌಶಲ. ಬದಲಾದದ್ದು ಯಾರಿಗಾಗಿ ಮಾಡಿದ್ದು ಎಂಬುದು.

ಮೂರನೆಯದು 2016ರ ಜನವರಿಯಲ್ಲಿ ಬಿಡುಗಡೆಯಾದ ‘ದಟ್ ಡ್ರ್ಯಾಗನ್, ಕ್ಯಾನ್ಸರ್’. ಕೊಲೊರಾಡೊದ ರಯನ್ ಮತ್ತು ಏಮಿ ಗ್ರೀನ್ ದಂಪತಿ ತಮ್ಮ ಪುಟ್ಟ ಮಗ ಜೋಯೆಲ್‌ನ ಕ್ಯಾನ್ಸರ್ ಕುರಿತು ಈ ಗೇಮ್ ಮಾಡುತ್ತಿದ್ದಾಗಲೇ, 2014ರ ಮಾರ್ಚ್‌ನಲ್ಲಿ, ಮಗು ತೀರಿಕೊಂಡಿತು. ಒಂದು ದೃಶ್ಯದಲ್ಲಿ ತಂದೆ ಆಸ್ಪತ್ರೆಯ ಕೋಣೆಯಲ್ಲಿ ರಾತ್ರಿಯಿಡೀ ಅಳುವ ಮಗುವಿನ ಜೊತೆ ಒಬ್ಬನೇ ಇದ್ದಾನೆ. ಕುಡಿಸಲು ಹೋದರೆ ಮಗು ಕುಡಿಯುವುದಿಲ್ಲ, ಎತ್ತಿಕೊಂಡರೂ ಅಳು ನಿಲ್ಲುವುದಿಲ್ಲ, ಆಟಗಾರ ಏನು ಮಾಡಿದರೂ ಫಲವಿಲ್ಲ. ಕೊನೆಗೆ ಆತ ಪ್ರಾರ್ಥಿಸುತ್ತಾನೆ. ಇಲ್ಲಿ ಪ್ರಾರ್ಥನೆ ಶಕ್ತಿ ತುಂಬಿಸುವ ಗುಂಡಿಯಲ್ಲ, ಕೈಲಾಗದವನ ಮೊರೆ. ಗೆಲ್ಲಲು ಬಾರದ ಗೇಮ್ ಒಂದು ಕೃಪೆಯ ಪ್ರಶ್ನೆಗೆ ಉಳಿದೆಲ್ಲ ಬೈಬಲ್ ಗೇಮ್‌ಗಳಿಗಿಂತ ಹತ್ತಿರ ಹೋಯಿತು ಎಂಬುದು ಈ ಲೇಖನದ ಅಭಿಪ್ರಾಯ. ಕ್ರೈಸ್ತರಲ್ಲದ ವಿಮರ್ಶಕರೂ ಅದನ್ನು ಗೌರವದಿಂದ ಕಂಡರು, ಬ್ರಿಟನ್ನಿನ ಬಾಫ್ತಾ ಪ್ರಶಸ್ತಿಯೂ ಬಂತು. ಆದರೆ ಲಕ್ಷಾಂತರ ಜನ ಅದನ್ನು ಇತರರು ಆಡುವ ವಿಡಿಯೊದಲ್ಲಿ ನೋಡಿ ಸುಮ್ಮನಾದದ್ದರಿಂದ ಮಾರಾಟಕ್ಕೆ ಪೆಟ್ಟು ಬಿತ್ತು ಎಂದು ತಯಾರಕರೇ ನೊಂದು ಬರೆದರು. ಒಳ್ಳೆಯ ಗೇಮ್ ಮಾಡಿದರೆ ಹಣದ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ ಎಂದು ನಂಬುವವರು ಈ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಣದ ದಾರಿಗಳು ಮುಚ್ಚಿದ ಬಗೆ

ಉದ್ಯಮವನ್ನು ಹುಟ್ಟಿಸಿದ ಪುಸ್ತಕದಂಗಡಿಗಳು ಈಗ ಬಹುಮಟ್ಟಿಗೆ ಇಲ್ಲ. ಫ್ಯಾಮಿಲಿ ಕ್ರಿಶ್ಚಿಯನ್ ಸ್ಟೋರ್ಸ್ 2017ರಲ್ಲಿ ತನ್ನ 240 ಮಳಿಗೆಗಳನ್ನು ಮುಚ್ಚಿತು. ಲೈಫ್‌ವೇ 2019ರಲ್ಲಿ ತನ್ನ 170 ಮಳಿಗೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಅಮೆಜಾನ್ ಮತ್ತು ಡಿಜಿಟಲ್ ಓದು ಇವೆರಡರ ಹೊಡೆತ ಅದಕ್ಕೆ ಕಾರಣ. ಅಂಗಡಿ ಹೋದದ್ದರಿಂದ ಕ್ರೈಸ್ತ ಕುಟುಂಬಗಳು ಒಂದೆಡೆ ಸೇರುವ, ಅವರ ನಂಬಿಕೆಯನ್ನು ಕೇಳದೆಯೇ ತಿಳಿಯಬಹುದಾದ ಜಾಗವೂ ಹೋಯಿತು. ಆ ಜಾಗವನ್ನು ತುಂಬಬೇಕಾದದ್ದು ಇಂಟರ್‌ನೆಟ್ ಜಾಹೀರಾತು. ಅದಕ್ಕೆ ಗೌಪ್ಯತೆಯ ನಿಯಮ ಅಡ್ಡ ಬಂತು. ಟ್ರೂಪ್ಲೇ ದೂರನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದರ ತೀವ್ರತೆ ತಿಳಿಯುತ್ತದೆ.

ಕಂಪ್ಯೂಟರ್ ಗೇಮ್‌ಗಳ ದೊಡ್ಡ ಮಾರುಕಟ್ಟೆಯಾದ ಸ್ಟೀಮ್‌ನಲ್ಲಿ 2024ರಲ್ಲಿ 18 ಸಾವಿರಕ್ಕೂ ಹೆಚ್ಚು ಹೊಸ ಗೇಮ್‌ಗಳು ಬಂದವು. 100 ಡಾಲರ್ ಶುಲ್ಕ ಕಟ್ಟಿದರೆ ಯಾರಾದರೂ ಒಳಬರಬಹುದು. ನಿಂಟೆಂಡೊ ಕಾಲದ ಬೀಗ ಈಗಿಲ್ಲ, ಆದರೆ ಜನಸಂದಣಿಯಲ್ಲಿ ಕಾಣಿಸಿಕೊಳ್ಳುವುದೇ ಕಷ್ಟ. ಮೊಬೈಲ್‌ನಲ್ಲಿ ಹೆಚ್ಚು ಹಣ ತರುವ ವಿಧಾನವೆಂದರೆ ಉಚಿತವಾಗಿ ಕೊಟ್ಟು, ಒಳಗೆ ಅದೃಷ್ಟದ ಪೆಟ್ಟಿಗೆಗಳನ್ನೂ (ಏನು ಸಿಗುತ್ತದೆಂದು ತಿಳಿಯದೆ ಹಣ ಕೊಟ್ಟು ತೆರೆಯುವಂಥವು) ಮತ್ತೆ ಮತ್ತೆ ಕಣ್ಣಿಗೆ ಬೀಳುವ ಜಾಹೀರಾತುಗಳನ್ನೂ ಇಡುವುದು. ಜೂಜಿನ ಛಾಯೆಯಿರುವ ಈ ವಿಧಾನವನ್ನು ಧರ್ಮನಿಷ್ಠ ಪೋಷಕರು ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಟ್ರೂಪ್ಲೇಯಂಥವರಿಗೆ ಉಳಿಯುವುದು ಚಂದಾ ಪದ್ಧತಿ. ಚಂದಾ ಕಟ್ಟುವವರು ಮತ್ತೆ ತಂದೆತಾಯಿ. ಪುಸ್ತಕದಂಗಡಿಯ ಕಾಲದ ಅಂತರ ಹೊಸ ರೂಪದಲ್ಲಿ ಹಿಂದಿರುಗುತ್ತದೆ. ಒಂದು ವ್ಯತ್ಯಾಸವಿದೆ: ಕಾರ್ಟ್ರಿಜ್ ಒಮ್ಮೆ ಕೊಂಡರೆ ಮುಗಿಯಿತು, ಮಗು ಆಡದೆ ಬಿಟ್ಟರೂ ಹಣ ವಾಪಸ್ಸು ಹೋಗುತ್ತಿರಲಿಲ್ಲ. ಚಂದಾ ಹಾಗಲ್ಲ, ಮಗು ಆಡುವುದನ್ನು ನಿಲ್ಲಿಸಿದರೆ ಪೋಷಕರು ಮುಂದಿನ ತಿಂಗಳು ರದ್ದು ಮಾಡುತ್ತಾರೆ. ಆದ್ದರಿಂದ ಚಂದಾ ಪದ್ಧತಿ ತಯಾರಕರನ್ನು ಮಗುವಿನ ಕಡೆಗೆ ನೋಡುವಂತೆ ಒತ್ತಾಯಿಸಬಹುದು. ಗುಣಮಟ್ಟದ ಮಟ್ಟಿಗೆ ಇದು ಮೂವತ್ತು ವರ್ಷಗಳಲ್ಲಿ ಬಂದ ಒಳ್ಳೆಯ ಬದಲಾವಣೆ.

ಚಂದಾಕ್ಕೆ ದೊಡ್ಡ ಸ್ಪರ್ಧಿ ದಾನ. ಅಮೆರಿಕದ ಲೈಫ್ ಚರ್ಚ್‌ನ ಯೂವರ್ಷನ್ ತಂಡವು 2013ರಿಂದ ಮಕ್ಕಳ ಬೈಬಲ್ ಆ್ಯಪ್ ಒಂದನ್ನು ಸಂಪೂರ್ಣ ಉಚಿತವಾಗಿ ಕೊಡುತ್ತ ಬಂದಿದೆ. ಮುಟ್ಟಿದರೆ ಚಲಿಸುವ ಚಿತ್ರಕಥೆಗಳು, ಸಣ್ಣ ಚಟುವಟಿಕೆಗಳು ಅದರಲ್ಲಿವೆ, ಖರ್ಚು ದಾನಿಗಳದ್ದು. ಉಚಿತವಾದದ್ದು ಕೈಯಲ್ಲಿರುವಾಗ ತಿಂಗಳ ಚಂದಾ ಕಟ್ಟಲು ಕುಟುಂಬಗಳಿಗೆ ಬಲವಾದ ಕಾರಣ ಬೇಕು.

ಮುಂದಿನ ಸಾಧ್ಯತೆಗಳು

ಗೂಗಲ್ ತನ್ನ ನಿಯಮವನ್ನು ಸಡಿಲಿಸಿ, ಧಾರ್ಮಿಕ ಸರಕಿನ ಜಾಹೀರಾತನ್ನು ನೋಡುಗರ ನಂಬಿಕೆಯ ಆಧಾರದ ಗುರಿಯಿಂದ ಬೇರ್ಪಡಿಸಿ ನೋಡಬಹುದು. ಬೈಬಲ್ ಪುಟ ಓದುತ್ತಿರುವವರಿಗೆ ಆ ಪುಟದ ವಿಷಯವನ್ನಾಧರಿಸಿ ಬೈಬಲ್ ಗೇಮ್‌ನ ಜಾಹೀರಾತು ತೋರಿಸುವುದರಿಂದ ಯಾರ ಗೌಪ್ಯತೆಗೂ ಧಕ್ಕೆಯಿಲ್ಲ. ನ್ಯಾಯವಾದ ಪರಿಹಾರ ಇದೇ. ಗುರಿ ಮಾಡುವ ನಿಯಮವನ್ನೇ ಕಿತ್ತುಹಾಕಬೇಕೆಂದು ಕೇಳುವವರು, ಅದರ ಲಾಭ ಸಂಡೇ ಸ್ಕೂಲಿನ ಗೇಮ್‌ಗಳಿಗೆ ಮಾತ್ರ ಸಿಗುವುದಿಲ್ಲ, ಧರ್ಮದ ಪಟ್ಟಿ ಬೇಕಾದ ಎಲ್ಲರಿಗೂ ಸಿಗುತ್ತದೆ ಎಂಬುದನ್ನು ಯೋಚಿಸಬೇಕು.

ಇದೇ ಲೆಕ್ಕವನ್ನು ನಮ್ಮ ನೆಲಕ್ಕೆ ತಂದು ನೋಡಬಹುದು. 2011ರ ಜನಗಣತಿಯಂತೆ ಕರ್ನಾಟಕದ ಕ್ರೈಸ್ತರು ಸುಮಾರು 11 ಲಕ್ಷ, ಜನಸಂಖ್ಯೆಯ ಶೇ 1.87. ಅವರಲ್ಲಿ ಕೊಂಕಣಿ, ತಮಿಳು, ಮಲಯಾಳಂ, ಇಂಗ್ಲಿಷಿನಲ್ಲಿ ಆರಾಧನೆ ನಡೆಸುವವರೇ ಬಹಳಷ್ಟು. ಕನ್ನಡದಲ್ಲಿ ಬೈಬಲ್ ಗೇಮ್ ಒಂದು ಮಾರಾಟದಿಂದಲೇ ಬದುಕುವುದು ಅಸಾಧ್ಯಕ್ಕೆ ಹತ್ತಿರ. ದಾನದಿಂದ ಮಾತ್ರ ಅದು ಬರಬಹುದು. ಇನ್ನೊಂದು ನಿಯಮ ಎಲ್ಲ ಧರ್ಮದವರಿಗೂ ಸಂಬಂಧಿಸಿದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಂ 18 ವರ್ಷದೊಳಗಿನವರ ವರ್ತನೆಯನ್ನು ಜಾಲದಲ್ಲಿ ಹಿಂಬಾಲಿಸುವುದನ್ನೂ ಅವರನ್ನು ಗುರಿ ಮಾಡಿದ ಜಾಹೀರಾತನ್ನೂ ನಿಷೇಧಿಸುತ್ತದೆ. ಭಾರತದಲ್ಲಿ ನಾಳೆ ರಾಮಾಯಣದ ಗೇಮ್, ಜಾತಕ ಕಥೆಗಳ ಗೇಮ್, ಬೈಬಲ್ ಗೇಮ್ ಯಾವುದನ್ನೇ ಮಕ್ಕಳಿಗಾಗಿ ಮಾಡುವ ಸಣ್ಣ ತಂಡಕ್ಕೂ ಜಾಹೀರಾತಿನ ದಾರಿ ಇಷ್ಟೇ ಇಕ್ಕಟ್ಟಾಗಿರುತ್ತದೆ. ಅದು ಶಾಲೆಗಳ, ಪೋಷಕರ, ದೇವಾಲಯ ಮತ್ತು ಚರ್ಚುಗಳ ಮೂಲಕವೇ ಮಕ್ಕಳನ್ನು ತಲುಪಬೇಕಾಗುತ್ತದೆ, ಮತ್ತು ಗೇಮ್ ಹೇಗಿರಬೇಕು ಎಂಬುದನ್ನು ಅಲ್ಲಿಯೂ ಮೊದಲು ಹೇಳುವವರು ಹಿರಿಯರೇ.